ಹಿಮಾಲಯ ಹತ್ತಿದ ಐದು ತೆಂಗಿನಕಾಯಿ

ಬರಿಗೈಯಲ್ಲಿ ಮನೆ ಬಿಡುವುದು ನನಗೆ ಬಾರದು. ಸಂತೆಗೆ ಹೊರಟರೂ ಚೀಲದಲ್ಲಿ ನೀರಿನ ಬಾಟಲಿ, ಎರಡು ರೊಟ್ಟಿ, ಸೂಜಿ-ದಾರ ಇರಲೇಬೇಕು. ಇಂಥವಳು ಹಿಮಾಲಯಕ್ಕೆ ಹೊರಟರೆ ಏನಾದೀತು, ನೀವೇ ವಿಚಾರ ಮಾಡಿರಿ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಮ್ಮ ಮನೆಯವರು ಬೈಲಹೊಂಗಲದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬಿಡಿಸಿದ ಹಿಮಪರ್ವತವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಹುಕಿ ಅವರಿಗೆ ಬಂತು. ನನಗೂ ಒಳಗೊಳಗೇ ಆಸೆ. ಎರೆಹೊಲದ ನಡುವೆ ಬೆಳೆದ ನಾನು ಕಂಡ ಎತ್ತರವೆಂದರೆ ಸವದತ್ತಿಯ ಗುಡ್ಡ. ತಿಂಗಳುಗಟ್ಟಲೆ ರವಿವಾರಕ್ಕೊಮ್ಮೆ ಅದನ್ನೇ ಹತ್ತಿ ಇಳಿದು ತಯಾರಿ ಮಾಡಿದೆವು. ಗುಡ್ಡದ ದೇವಿಯ ದರ್ಶನಕ್ಕೆಂದು ಹಣೆತುಂಬ ಅರಿಷಿಣದ ಭಂಡಾರ ಹಚ್ಚಿಕೊಂಡ ಮುದುಕಿಯರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದ ಸಂಗತಿಯನ್ನು ಇಬ್ಬರೂ ಮನೆಯಲ್ಲಿ ಬಾಯಿಬಿಡಲಿಲ್ಲ.

ಹೊರಡುವ ದಿನ ಓಣಿಯ ಐದು ಜನ ಮುತ್ತೈದೆಯರು ಬಂದು ನನ್ನ ಉಡಿ ತುಂಬಿದರು. ದೂರ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಷಿಣಬೇರು ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಐದು ಜನ, ಐದು ಕಾಯಿ. ಅತ್ತೆ ಬಾಗಿಲಲ್ಲಿ ನಿಂತು, "ಉಡಿ ತುಂಬಿದ್ದು ಎಲ್ಲೆರ ಚೆಲ್ಲಿಗಿಲ್ಲಿ ಬಂದೀಯವ್ವಾ, ಹುಷಾರು!" ಎಂದರು. ಎಲ್ಲವನ್ನೂ ಹಳೆಯ ಧೋತರದ ಅರಿವೆಯಲ್ಲಿ ಗಂಟು ಕಟ್ಟಿ ಬೆನ್ನಚೀಲದ ತಳಕ್ಕೆ ಇಟ್ಟೆ.

ರೈಲಿನಲ್ಲಿ ಗಂಟು ಭಾರವೆನಿಸಲಿಲ್ಲ, ಹೊತ್ತದ್ದು ರೈಲು. ನಡಿಗೆ ಸುರುವಾದಾಗ ಗೊತ್ತಾಯಿತು. ಕಾಲು ಮುಂದೆ ಹೋದರೆ ಬೆನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮನೆಯವರು ದೇವದಾರು ಮರ, ನೊರೆಯುಕ್ಕುವ ಹಳ್ಳ ಎಂದು ಕೈ ತೋರಿಸುತ್ತಿದ್ದರು. ನನಗೆ ಕಂಡದ್ದು ಸೀರೆಯ ನಿರಿಗೆ, ಅದರ ಕೆಳಗಿನ ಬೂಟು, ಅಷ್ಟೇ.

"ರೀ, ಎರಡು ಕಾಯಿ ನೀವರೆ ಹೊರ್ರಿ."

"ನನ್ನ ಚೀಲದಾಗ ನಿನ್ನ ಅರವತ್ತು ಕಟಕ್ ರೊಟ್ಟಿ ಅದಾವು. ಮರತಿಯೇನ?"

ಸಂಜೆ ಕೊನೆಯ ಹಳ್ಳಿ ತಲುಪಿದೆವು. ಮುಂದಿನ ದಾರಿಗೆ ಗೊತ್ತುಮಾಡಿದ್ದ ಗೈಡಿನ ಮನೆಯಲ್ಲೇ ವಸ್ತಿ. ಆತ ನನ್ನ ಚೀಲ ಎತ್ತಿ ನೋಡಿ, ಗಂಟು ಬಿಚ್ಚಿಸಿ, "ದೀದಿ, ನಮ್ಮ ಬೆಟ್ಟದಲ್ಲಿ ಕಲ್ಲು ಕಡಿಮೆಯೆಂದು ಊರಿನಿಂದ ತಂದಿರಾ?" ಎಂದು ಹಿಂದಿಯಲ್ಲಿ ಕೇಳಿದ. ಆಮೇಲೆ ನಗು ನಿಲ್ಲಿಸಿ, ನಾಳೆಯ ಏರಿಗೆ ಈ ಭಾರ ನಡೆಯುವುದಿಲ್ಲ, ಗಂಟು ಬಿಡಿ, ಇಲ್ಲವೇ ನೀವು ಕೆಳಗಿಳಿದುಬಿಡಿ ಎಂದ. ದಾರಿ ಬೆಟ್ಟದ ಆಚೆ ಇಳಿಯುತ್ತಿತ್ತು; ಮರಳುವಾಗ ಒಯ್ಯೋಣವೆಂದು ಇಟ್ಟುಹೋಗುವಂತಿಲ್ಲ. ಅತ್ತೆಯನ್ನು ಕೇಳೋಣವೆಂದರೆ ಅಲ್ಲಿ ಫೋನೂ ಇರಲಿಲ್ಲ.

"ನೀವು ಹೋಗ್ರಿ. ನಾ ಕೆಳಗ ಬಸ್‌ಸ್ಟ್ಯಾಂಡಿನ್ಯಾಗ ಕುಂದರತೇನಿ," ಎಂದೆ.

"ಹುಚ್ಚಿ! ಇಷ್ಟು ದೂರ ಬಂದು ತೆಂಗಿನಕಾಯಿಗೆ ಜೋಡಿಯಾಗಿ ಕುಂದರತೀಯೇನ?"

ಅಷ್ಟರಲ್ಲಿ ಚಹಾ ತಂದ ಗೈಡಿನ ಹೆಂಡತಿ ಒಂದು ಕಾಯಿ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಪೂಜೆಗೊಂದು ಕಾಯಿ ಬೇಕಾದರೂ ಕೆಳಗಿನ ಪೇಟೆಯಿಂದ ಬರಬೇಕಂತೆ. ನನಗೆ ಥಟ್ಟನೆ ಹೊಳೆಯಿತು: ಚೆಲ್ಲಬಾರದು ಎಂದಿದ್ದರು ಅತ್ತೆ, ಇನ್ನೊಬ್ಬರ ಉಡಿ ತುಂಬಬಾರದು ಎಂದಿದ್ದರೇ? ಆಕೆಯನ್ನು ಮಣೆಯ ಮೇಲೆ ಕೂಡ್ರಿಸಿ, ಕುಂಕುಮ ಹಚ್ಚಿ, ಉಣ್ಣೆಯ ಶಾಲಿನ ಸೆರಗಿಗೆ ಐದೂ ಕಾಯಿ, ಅಷ್ಟೂ ಅಕ್ಕಿ, ಅರಿಷಿಣಬೇರು ಹಾಕಿದೆ. ಆಕೆ ನಗುತ್ತ ನನ್ನ ಸೆರಗಿಗೆ ಒಂದು ಹಿಡಿ ಅಕ್ರೋಟು ಹಾಕಿದಳು.

ಮರುದಿನ ಬೆನ್ನು ಇದೆಯೋ ಇಲ್ಲವೋ ಎಂಬಷ್ಟು ಹಗುರ. ಮರಗಳು ಮುಗಿದವು, ಹುಲ್ಲುಗಾವಲು ತೆರೆದುಕೊಂಡಿತು. ಎಳ್ಳುಕಾಳಿನಷ್ಟು ಸಣ್ಣ ಹಳದಿ ಹೂ, ಅದರಾಚೆ ಕಣದಲ್ಲಿ ರಾಶಿ ಹಾಕಿದ ಬಿಳಿಜೋಳದಂತೆ ಹಿಮ, ಒಂದರ ಹಿಂದೊಂದು ಶಿಖರ. ಭೂಗೋಳದ ಮಾಸ್ತರರು ಸೀಮೆಸುಣ್ಣ ಹಿಡಿದವರಂತೆ ಬೆರಳೆತ್ತಿ ಶಿಖರಗಳ ಗೆರೆಯನ್ನು ಗಾಳಿಯಲ್ಲಿ ಬಿಡಿಸುತ್ತ ನಿಂತಿದ್ದರು. ನಾನು ಬಂಡೆಯ ಮೇಲೆ ಕುಳಿತು, ರೊಟ್ಟಿ ಮುರಿದು, ಹೊಟ್ಟೆತುಂಬ ಉಸಿರು ತೆಗೆದುಕೊಂಡೆ.

ಊರು ಹತ್ತಿರವಾದಂತೆ ಬಾಗಿಲಲ್ಲಿ ಕೇಳಿದ ಆ ಎಚ್ಚರಿಕೆ ಮತ್ತೆ ನೆನಪಾಯಿತು. ಅತ್ತೆಯ ಮುಂದೆ ಅಕ್ರೋಟು ಇಟ್ಟು, ಇದ್ದದ್ದನ್ನು ಇದ್ದಂಗೆ ಹೇಳಿದೆ. ಅವರು ಒಂದು ಅಕ್ರೋಟನ್ನು ಹೊಳ್ಳಿಸಿ ಮಳ್ಳಿಸಿ ನೋಡಿದರು.

"ಚಲೋ ಆತು ಬಿಡು. ಆದ್ರ ಅಲ್ಲೀತನಕಾ ಯಾಕ ಹೊತ್ತಿ? ನಾ ಕಾಶಿಗೆ ಹೋಗೂಮುಂದ ನೇಸರಗಿಯಾಗ ಬಸ್ಸು ನಿಂತಾಗನs ಅಲ್ಲಿರೂ ನಮ್ಮ ತಂಗೀ ಉಡ್ಯಾಗ ಎಲ್ಲಾ ಹಾಕಿ, ಹಗುರಾಗಿ ಹೋಗಿದ್ದೆ!"

ನೇಸರಗಿ ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅತ್ತೆ ಅಲ್ಲಿ ಕಲಿತದ್ದನ್ನು ಕಲಿಯಲು ನಾನು ಹಿಮಾಲಯ ಹತ್ತಬೇಕಾಯಿತು.