ಮೌನದ ಗುಡ್ಡದ ಮೇಲೊಬ್ಬ ಬಾಯಿಬಡುಕ

ಮಾತಾಡಬಾರದು ಎಂದ ಕಡೆಯಲ್ಲೇ ಮಾತಾಡುವ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಗಂಗಾವತಿ ಹತ್ತಿರದ ಗುಡ್ಡದ ಮೇಲೆ ಧ್ಯಾನದ ಬಳಗದವರು ಇಪ್ಪತ್ತು ಮನೆ ಕಟ್ಟಿಕೊಂಡಿದ್ದಾರೆ. ಅಲ್ಲಿ ನಾನು ಅಡಿಗೆಯವ. ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ಎಲ್ಲರಿಗೂ ಮೌನ. ಮೂರು ಸಲ ಮುರಿದವರು ಗುಡ್ಡ ಇಳಿಯಬೇಕು. ನಾನು ಮೊದಲಿದ್ದ ಖಾನಾವಳಿ ಮುಚ್ಚಿ ಆರು ತಿಂಗಳು ಮನೆಯಲ್ಲಿ ಕೂತಿದ್ದೆ. ಈ ಕೆಲಸವೂ ಹೋದರೆ ಗತಿಯೇನು ಎಂಬ ಹೆದರಿಕೆ ಮೊದಲ ದಿನದಿಂದಲೇ ಇತ್ತು.

ಮೊದಲ ಉಪ್ಪಿಟ್ಟು

ಉಪ್ಪಿಟ್ಟು ಬಡಿಸಿ ಒಬ್ಬೊಬ್ಬರ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ತಡೆಯಲಾರದೆ "ಹೆಂಗೈತ್ರಿ?" ಎಂದುಬಿಟ್ಟೆ. ಅದು ಒಂದನೇ ತಪ್ಪು. ಎಲ್ಲರೂ ತಟ್ಟೆ ಖಾಲಿ ಮಾಡಿದರು. ಹೋದ ಜೀವ ಬಂದಂತಾಯಿತು. ಮಧ್ಯಾಹ್ನ ಗಂಟೆ ಬಾರಿಸಿದ್ದೇ ತಡ, ನಲವತ್ತು ಮಂದಿ ಒಮ್ಮೆಲೇ ಕೂಗಿದರು:

"ಉಪ್ಪ ಹಾಕಿಲ್ಲಲ್ರೀ!"

ಅವ್ವನ ಮಾಫಿ

ಕುಕನೂರಿನಿಂದ ಅವ್ವ ನೋಡಲು ಬಂದಳು. ನನ್ನನ್ನು ಯಾರೂ ಮಾತಾಡಿಸದಿರುವುದನ್ನು ಕಂಡು ಗಾಬರಿಯಾದಳು.

"ಏನ್ ತಪ್ಪ ಮಾಡೀಯೋ ತಮ್ಮಾ? ಎಲ್ಲಾರೂ ಮಾತ ಬಿಟ್ಟಾರಲ್ಲ!"

ನಾನು ಬಾಯಿ ಮೇಲೆ ಬೆರಳಿಟ್ಟೆ. ಅವಳು ಇನ್ನಷ್ಟು ಹೆದರಿ, ಒಬ್ಬೊಬ್ಬರ ಮುಂದೆಯೂ ನಿಂತು "ಹುಡುಗ ತಿಳಿಗೇಡಿ ಅದಾನ್ರಿ, ಮಾಫ್ ಮಾಡ್ರಿ" ಎಂದು ಕೈ ಮುಗಿಯತೊಡಗಿದಳು. "ಬ್ಯಾಡವ್ವಾ!" ಎಂದು ಕೂಗಿದೆ. ಎರಡನೇ ತಪ್ಪು. ಪಾಪ, ಅವರೂ ಸುಮ್ಮನೆ ಕೈ ಮುಗಿದರು. ಅವ್ವ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಎಲ್ಲಾರೂ ಮಾಫ್ ಮಾಡ್ಯಾರ. ಇನ್ನರ ಬಾಯಿ ಬಿಗಿಹಿಡಿದು ದುಡಿ."

ಕರಡಿಯ ಪರೀಕ್ಷೆ

ಮರುವಾರ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಬಂಡೆಗಳ ನಡುವಿನಿಂದ ಕರಡಿಯೊಂದು ಇಳಿದು ಬಂತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ.

"ಕರಡಿ ಬಂತ್ರೋ!" ಎಂದು ಕೂಗಿಯೇಬಿಟ್ಟೆ.

ಒಬ್ಬರೂ ಕದಲಲಿಲ್ಲ. "ನಾಳೆ ನಿಮ್ಮ ಮನಸ್ಸು ಕದಡೋ ಪರೀಕ್ಷಾ ಇಡ್ತೀನಿ" ಎಂದು ಬಳಗದ ಗುರುಗಳು ಹಿಂದಿನ ದಿನ ಹೇಳಿದ್ದರಂತೆ. ಈ ಪರೀಕ್ಷೆ ತಾವು ಇಟ್ಟದ್ದಲ್ಲ ಎಂದು ಗೊತ್ತಿದ್ದವರು ಗುರುಗಳೊಬ್ಬರೇ. ಅವರು ಕಣ್ಣು ತೆರೆದವರೇ ಪಂಚೆ ಎತ್ತಿಕೊಂಡು ಒಬ್ಬರೇ ಅಡಿಗೆಮನೆಗೆ ಓಡಿ ಚಿಲಕ ಹಾಕಿಕೊಂಡರು. ನಾನು ಬಾಗಿಲು ಬಡಿದೆ.

"ನಾನೂ ಅದೀನ್ರೀ, ಬಾಗಲಾ ತಗೀರಿ!"

"ಶ್! ಮೌನ ಐತಿ!" ಎಂದಿತು ಒಳಗಿನ ದನಿ.

ಕರಡಿ ಅಂಗಳದಲ್ಲಿದ್ದ ಬಾಳೆಗೊನೆ ಎಳೆದುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನಾನು ಅಳುತ್ತ ಗಂಟುಮೂಟೆ ಕಟ್ಟತೊಡಗಿದೆ. ಗುರುಗಳು ಬಂದು ಒಂದು ಚೀಟಿ ಕೈಗಿಟ್ಟರು. ಕೆಲಸ ಬಿಡಿಸಿದ ಚೀಟಿಯೇ ಇರಬೇಕೆಂದು ಬಿಡಿಸಿ ಓದಿದೆ:

"ನೀ ಕೂಗಿದ್ದು ನಾ ಕೇಳಿಲ್ಲ. ನಾ ಓಡಿದ್ದು ನೀ ನೋಡಿಲ್ಲ."