ದಾರಿ ನಿಮ್ಮದೇ, ಬೀಗರೇ

ಮೈಸೂರಿನವರಿಗೆ ಮೊದಲು ಹೋಗಲು ಬರುವುದಿಲ್ಲ. ಇದು ಊರಿನ ಹೆಮ್ಮೆಯೋ ಕಾಯಿಲೆಯೋ ನನಗಿನ್ನೂ ತೀರ್ಮಾನವಾಗಿಲ್ಲ. ಬಾಗಿಲಲ್ಲಿ ಇಬ್ಬರು ಎದುರಾದರೆ "ನೀವು ಬನ್ನಿ", "ಛೆ ಛೆ, ನೀವು ಬನ್ನಿ" ಎಂದು ಹೊಸಿಲಿನ ಎರಡೂ ಕಡೆ ನಿಂತು ಸೊಳ್ಳೆಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತೇವೆ. ತಟ್ಟೆಯಲ್ಲಿ ಉಳಿದ ಕೊನೆಯ ಬೋಂಡ ಯಾರ ಬಾಯಿಗೂ ಹೋಗದೆ ತಣ್ಣಗಾಗುತ್ತದೆ. ನನ್ನ ಸೋದರಮಾವನೊಬ್ಬ ಹಲ್ಲಿನ ಡಾಕ್ಟರ ಹತ್ತಿರ ಎಲ್ಲರನ್ನೂ ಮುಂದೆ ಬಿಟ್ಟು ಬಿಟ್ಟು, ಕೊನೆಗೆ ಹಲ್ಲು ತಾನಾಗಿಯೇ ಉದುರಿ ಮನೆಗೆ ಬಂದನಂತೆ. ಕಥೆ ತೀರ ಅಚ್ಚುಕಟ್ಟಾಗಿದೆ, ಹಾಗಾಗಿ ನಾನು ನಂಬುವುದಿಲ್ಲ. ಮೂಲೆ ಮುರಿಯದ ನೆನಪನ್ನು ಕಂಡರೆ ನನಗೆ ಅದನ್ನು ಯಾರೋ ಅಂಗಡಿಯಿಂದ ತಂದಿಟ್ಟಂತೆ ಅನ್ನಿಸುತ್ತದೆ. ಈಗ ಹೇಳಹೊರಟಿರುವುದರಲ್ಲಿ ಮೂಲೆಗಳು ಬೇಕಾದಷ್ಟು ಮುರಿದಿವೆ. ನಾವು ಕೂತದ್ದು ಹಂಸದ ಆಕಾರದ ದೋಣಿ ಎಂದು ನಾನು, ಬಾತುಕೋಳಿ ಎಂದು ನನ್ನ ಹೆಂಡತಿ ವಿಶಾಲ. ಆ ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಪ್ಪಂದವಾಗಿಲ್ಲ.

ಮಗಳು ನಯನಳ ಮದುವೆ ಗೊತ್ತಾಗಿತ್ತು. ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು, ನಮಗೆ ಒಪ್ಪುವುದಷ್ಟೇ ಕೆಲಸ, ಒಪ್ಪಿದ್ದೆವು. ಬೀಗರಾಗಲಿದ್ದವರು ಕಡಕೊಳದ ಚಿಕ್ಕೇಗೌಡರು, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಮತ್ತು ಅವರ ಹೆಂಡತಿ ಜಯಮ್ಮ. ಚಿನ್ನದಂಥ ಜನ. ತೊಂದರೆ ಇದ್ದದ್ದೇ ಅಲ್ಲಿ. ಮದುವೆ ಎಲ್ಲಿ ಮಾಡುವುದು ಎಂದು ಕೇಳಿದರೆ ಗೌಡರು "ನಿಮ್ ಕಡೇನೇ ಆಗ್ಲಿ ಬುಡಿ ಸಾರ್" ಎನ್ನುವರು. ನಾನು "ಎಲ್ಲಾದರೂ ಉಂಟೇ, ನಿಮ್ಮ ಕಡೆಯೇ ಆಗಲಿ" ಎನ್ನುವೆ. ಅವರು ನಮ್ಮ ರಾಮಕೃಷ್ಣನಗರದ ಮನೆಗೆ ಬಂದಾಗಲೂ ಇದೇ, ನಾವು ಕಡಕೊಳಕ್ಕೆ ಹೋದಾಗಲೂ ಇದೇ. ಇತ್ತ ಛತ್ರಗಳು ಒಂದೊಂದಾಗಿ ಬೇರೆಯವರ ಪಾಲಾಗುತ್ತಿದ್ದವು. ಇದ್ದ ಒಳ್ಳೆಯ ಮುಹೂರ್ತ ಒಂದೇ, ಅದು ತಪ್ಪಿದರೆ ಮುಂದಿನ ವರ್ಷವೇ. ನಯನ ಕೊನೆಗೆ ಸಿಟ್ಟಾಗಿ, "ಅಪ್ಪಾ, ಈ ವಾರ ನೀವಿಬ್ರೂ ಒಂದು ಜಾಗ ಹೇಳ್ಲಿಲ್ಲ ಅಂದ್ರೆ ನಾವು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸೈನ್ ಹಾಕಿ ಬಂದ್ಬುಡ್ತೀವಿ. ಆಮೇಲೆ ಊಟ ಹಾಕ್ಲಿಲ್ಲ ಅಂತ ಅಳ್ಬೇಡಿ" ಎಂದಳು. ವಿಶಾಲಳಿಗೆ ಕಣ್ಣಲ್ಲಿ ನೀರೇ ಬಂತು. ಒಬ್ಬಳೇ ಮಗಳ ಮದುವೆಗೆ ನೆಂಟರನ್ನು ಕೂರಿಸಿ ಬಡಿಸಬೇಕು ಎನ್ನುವುದು ಅವಳು ಬಹಳ ಕಾಲದಿಂದ ಸಾಕಿಕೊಂಡ ಆಸೆ.

ಭಾನುವಾರ ಎಲ್ಲರೂ ಕೆರೆಗೆ ಹೋಗೋಣ, ಸಡಿಲವಾಗಿ ಕೂತು ಮಾತಾಡಿದರೆ ಏನಾದರೂ ಹೊರಬೀಳಬಹುದು ಎಂಬ ಉಪಾಯವೂ ನಯನಳದ್ದೇ. ಕೆರೆಯ ಹೆಸರು ಬೇಡ. ಊರಂಚಿನ ಕೆರೆ, ಭಾನುವಾರ ಸಂಜೆ ಅಲ್ಲಿ ನೀರಿಗಿಂತ ದೋಣಿಯೇ ಹೆಚ್ಚು ಕಾಣುತ್ತದೆ. ಎಲ್ಲ ಕಾಲಲ್ಲಿ ತುಳಿಯುವ ಪೆಡಲ್ ಬೋಟುಗಳು, ಒಂದಕ್ಕೆ ಇಬ್ಬರು. ಡಿಕ್ಕಿಗಳು ಹೆಚ್ಚಾದದ್ದರಿಂದ ಈಗ ದೋಣಿ ಹತ್ತುವ ಮೊದಲು ಒಂದು ಸಣ್ಣ ಪಾಠ ಕೇಳುವುದು ಕಡ್ಡಾಯ. ಪಾಠ ಹೇಳುವವಳು ಕೊರಳಿಗೆ ಸೀಟಿ ನೇತುಹಾಕಿಕೊಂಡ ಗಟ್ಟಿ ದನಿಯ ಹುಡುಗಿ. ನಾವೆಲ್ಲ ಲೈಫ್ ಜಾಕೆಟ್ ತೊಟ್ಟು ಕಿತ್ತಳೆ ಬಣ್ಣದ ಮೂಟೆಗಳಂತೆ ಸಿಮೆಂಟು ಬೆಂಚಿನ ಮೇಲೆ ಕೂತೆವು.

"ಮೊದ್ಲು ರಸ್ತೆ ಮರ್ತುಬಿಡಿ" ಎಂದಳು. "ರಸ್ತೇಲಿ ಎಡಕ್ಕೆ ಹೋಗ್ತೀರ. ನೀರಲ್ಲಿ ಎದುರುಬದುರು ಬಂದ್ರೆ ಇಬ್ರೂ ಬಲಕ್ಕೆ ಸರೀಬೇಕು. ಅಡ್ಡ ಬಂದ್ರೆ, ನಿಮ್ಮ ಬಲಗಡೆಯಿಂದ ಬರೋರಿಗೆ ದಾರಿ ಬಿಡಿ, ಅವರ ಹಿಂದಿನಿಂದ ದಾಟಿ. ಇನ್ನೊಂದು ಮುಖ್ಯ. ದಾರಿ ಯಾರದ್ದೋ ಅವ್ರು ನಿಲ್ಲೋ ಹಾಗಿಲ್ಲ, ತಿರುಗೋ ಹಾಗಿಲ್ಲ. ನೆಟ್ಟಗೆ ಹೋಗ್ತಾನೇ ಇರ್ಬೇಕು."

ಗೌಡರು ಕೈ ಎತ್ತಿದರು. "ಅದೆಂಗವ್ವ? ಎದ್ರುಗಡೆ ದೊಡ್ಡೋರು ಬಂದ್ರೆ?"

"ದೊಡ್ಡೋರು ಚಿಕ್ಕೋರು ನೀರಿಗೆ ಗೊತ್ತಾಗಲ್ಲ ಯಜಮಾನ್ರೇ."

"ನೀರ್ಗೆ ಗೊತ್ತಾಗಾಕಿಲ್ಲ ಸರಿ. ನಮ್ಗೆ ಗೊತ್ತಾಯ್ತದಲ್ಲ?"

ಇಡೀ ಬೆಂಚು ನಕ್ಕಿತು. ನಾನು ಮಾತ್ರ ನಗದೆ ತಲೆಯಾಡಿಸಿದೆ, ಏಕೆಂದರೆ ಪ್ರಶ್ನೆ ನ್ಯಾಯವಾದದ್ದೇ. ಹಕ್ಕು ಇದೆ ಎಂದು ಗೊತ್ತಿದ್ದೂ ಅದನ್ನು ಬಳಸುವವನನ್ನು ನಮ್ಮ ಕಡೆ ಏನೆನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದಾರಿ ಬಿಡುವುದನ್ನು ಕಲಿಸಬೇಕಾದ ಅಗತ್ಯವೇ ನಮಗಿಲ್ಲ, ಅದು ಹುಟ್ಟಿನಿಂದಲೇ ಬಂದಿದೆ. ಬಿಟ್ಟ ದಾರಿಯನ್ನು ತೆಗೆದುಕೊಳ್ಳುವುದಕ್ಕೆ ಎಲ್ಲಿದೆ ಪಾಠ? ಅಂದು ನನಗೆ ಇಷ್ಟೆಲ್ಲ ಹೊಳೆದಿತ್ತು ಎಂದು ಹೇಳಿಕೊಳ್ಳಲು ಮನಸ್ಸಾಗುತ್ತಿದೆ. ಬಹುಶಃ ಆಗ ನಾನು ಜಾಕೆಟ್ಟಿನ ಪಟ್ಟಿ ಹೊಟ್ಟೆಗೆ ಬಿಗಿಯಾಯಿತೆಂದು ಯೋಚಿಸುತ್ತಿದ್ದೆ.

ಹೊರಟೆವು. ನಯನ ಮತ್ತು ಅವಳ ಹುಡುಗ ಒಂದು ದೋಣಿಯಲ್ಲಿ ದೂರ ಹೋಗಿಬಿಟ್ಟರು, ಹೋಗಲಿ. ಗೌಡ ದಂಪತಿ ಒಂದರಲ್ಲಿ, ನಾವು ಹಂಸದಲ್ಲಿ. ತುಳಿಯುವುದು ಇಬ್ಬರೂ, ಚುಕ್ಕಾಣಿ ನನ್ನ ಕೈಯಲ್ಲಿ. ಗಾಳಿ ತಣ್ಣಗಿತ್ತು, ಬೆಟ್ಟ ಕಾಣುತ್ತಿತ್ತು, ವಿಶಾಲ ಎಷ್ಟೋ ದಿನದ ಮೇಲೆ ನನ್ನ ಮೇಲೆ ಏನೂ ಆಕ್ಷೇಪಣೆ ಇಲ್ಲದೆ ಕೂತಿದ್ದಳು. ಕೆರೆಯ ನಡುವೆ ಬರುತ್ತಿದ್ದಂತೆ ಗೌಡರ ದೋಣಿ ನನ್ನ ಬಲಗಡೆಯಿಂದ ಅಡ್ಡಲಾಗಿ ಬರುವುದು ಕಂಡಿತು. ಪಾಠ ನೆನಪಾಯಿತು. ದಾರಿ ಅವರದ್ದು, ನಾನು ಬಲಕ್ಕೆ ತಿರುಗಿ ಅವರ ಹಿಂದಿನಿಂದ ದಾಟಬೇಕು. ಶಿಸ್ತಾಗಿ ತಿರುಗಿಸಿದೆ. ನಾನು ಬರುವುದನ್ನು ಕಂಡ ಗೌಡರು ಕೂಡಲೇ ಪೆಡಲ್ ನಿಲ್ಲಿಸಿ, ಸಾಲದೆಂದು ಹಿಂದಕ್ಕೆ ತುಳಿದು, ಮರ್ಯಾದೆಯಿಂದ ನಾನು ಹೋಗಬೇಕಿದ್ದ ಜಾಗಕ್ಕೇ ಬಂದು ನಿಂತರು. "ವೋಗಿ ಸಾರ್, ನೀವು ವೋಗಿ!"

"ದಾರಿ ನಿಮ್ಮದು ಗೌಡ್ರೇ, ನೀವು ಹೋಗಿ!" ಎಂದು ನಾನೂ ನಿಲ್ಲಿಸಿದೆ. ಸರಿ ಎಂದು ಅವರು ಮುಂದಕ್ಕೆ ತುಳಿದರು. ಅವರು ನಿಂತಿದ್ದಾರಲ್ಲ ಎಂದು ಅಷ್ಟರಲ್ಲಿ ನಾನೂ ತುಳಿದಿದ್ದೆ. ಇಬ್ಬರೂ ಗಾಬರಿಯಾಗಿ ಮತ್ತೆ ನಿಂತೆವು. ಮತ್ತೆ "ನೀವು", ಮತ್ತೆ "ನೀವು". ಹಿಂದೆ ದೋಣಿಗಳು ಸಾಲುಗಟ್ಟಿದವು. ಕಾಲೇಜು ಹುಡುಗರಿದ್ದ ದೋಣಿಯಿಂದ ಒಬ್ಬ ಕೂಗಿದ, "ಅಂಕಲ್, ಸಿಗ್ನಲ್ ಕೆಟ್ಟೋಗಿದ್ಯಾ?" ಇನ್ನೊಬ್ಬಳು ಹೆಂಗಸು ತನ್ನ ಗಂಡನಿಗೆ, "ನೋಡಿ ಕಲೀರಿ, ಎಷ್ಟು ಮರ್ಯಾದಸ್ಥರು" ಎಂದಳು. ಹಾಗೆಂದಳೋ, ಅನ್ನಬೇಕಿತ್ತೆಂದು ನಾನು ಸೇರಿಸಿಕೊಂಡೆನೋ, ಖಾತ್ರಿಯಿಲ್ಲ. ಖಾತ್ರಿಯಿರುವುದು ಮುಂದಿನದು. ಇಬ್ಬರೂ ಒಂದೇ ಕ್ಷಣದಲ್ಲಿ ದಾಕ್ಷಿಣ್ಯಕ್ಕೆ ಬಿದ್ದು ಒಂದೇ ಕಡೆಗೆ ಸರಿದೆವು. ಹಂಸದ ಕೊಕ್ಕು ಗೌಡರ ದೋಣಿಯ ಪಕ್ಕೆಗೆ ಧಡ್ ಎಂದು ಬಡಿಯಿತು. ಗೌಡರು ಎದ್ದು ನಿಂತು ಕೈ ಮುಗಿದು, "ತಪ್ಪಾಯ್ತು ಸಾರ್" ಎಂದರು. ಪೆಟ್ಟು ಕೊಟ್ಟವನು ನಾನು.

"ಕೂತ್ಕೊಳ್ಳೀ!" ಸೀಟಿಯೂ ದನಿಯೂ ಒಟ್ಟಿಗೆ ಬಂದವು. ಹುಡುಗಿ ಮೋಟಾರ್ ಬೋಟಿನಲ್ಲಿ ಬಂದು ನಮ್ಮಿಬ್ಬರ ನಡುವೆ ನಿಲ್ಲಿಸಿದಳು. "ಬೋಟಲ್ಲಿ ಎದ್ದು ನಿಲ್ಲೋದಾ? ಹೇಳಿ, ದಾರಿ ಯಾರದ್ದು?"

"ಅವ್ರದ್ದು" ಎಂದೆ. "ಅವ್ರದ್ದು" ಎಂದರು ಗೌಡರು.

ಅವಳು ತಲೆ ಚಚ್ಚಿಕೊಳ್ಳಲಿಲ್ಲ, ಅಷ್ಟು ಒಳ್ಳೆಯವಳು. "ಯಜಮಾನ್ರೇ, ದಾರಿ ನಿಮ್ಮದು. ಇವ್ರು ಸರಿಯಾಗೇ ತಿರುಗಿದ್ರು. ನೀವು ಹೋಗಿದ್ರೆ ಏನೂ ಆಗ್ತಿರ್ಲಿಲ್ಲ. ನೀವು ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಾದ್ರೆ ತಾನೆ ಇನ್ನೊಬ್ರು ಎಲ್ಲಿ ತಿರುಗ್ಬೇಕು ಅಂತ ಅಂದಾಜು ಮಾಡೋಕಾಗೋದು? ಸುಮ್ನೆ ನಿಂತ್ಕೊಂಡು ನೀವು ನೀವು ಅಂದ್ರೆ ಇಬ್ರೂ ಮುಳುಗ್ತೀರ."

ಆಮೇಲೆ, ಇಷ್ಟೂ ದಿನ ಗಂಡನ ಪಕ್ಕದಲ್ಲಿ ನಗುತ್ತ ಕೂತು ಮಾತೇ ಆಡದಿದ್ದ ಜಯಮ್ಮ ಬಾಯಿಬಿಟ್ಟರು.

"ಕೇಳಿಸ್ಕಂಡ್ರಾ?" ಎಂದು ಗಂಡನಿಗೆ. ಬಳಿಕ ವಿಶಾಲಳ ಕಡೆ ತಿರುಗಿ, "ಅಕ್ಕ, ತಪ್ಪು ತಿಳ್ಕಬೇಡಿ, ಹೇಳ್ಬುಡ್ತೀನಿ. ನಮ್ಗೆ ಕಡಕೊಳದಲ್ಲೇ ಮಾಡ್ಬೇಕು ಅಂತ ಆಸೆ. ಇವ್ರ ಜೊತೆ ದುಡ್ದೋರೆಲ್ಲ ಅಲ್ಲೇ ಅವ್ರೆ. ಶಿಫ್ಟು ಮುಗಿಸ್ಕಂಡು ಅಂಗೇ ಬಂದು ಉಂಡು ಹೋಯ್ತಾರೆ. ಈವಯ್ಯ ಮನೇಲಿ ದಿನಾ ಅದ್ನೇ ಜಪ ಮಾಡ್ತದೆ, ನಿಮ್ಮುಂದೆ ಬಂದ್ರೆ ಬಾಯಿ ಕಟ್ಕತದೆ."

"ಅಯ್ಯೋ ಜಯಮ್ಮ, ಮೊದಲೇ ಹೇಳೋಕೇನು? ಕಡಕೊಳನೇ ಆಗ್ಲಿ!" ಎಂದಳು ವಿಶಾಲ. ಅವಳಿಗೆ ಬಡಿಸಲು ಒಂದು ಜಾಗ ಬೇಕಿತ್ತು, ಸಿಕ್ಕಿತು. ಅವಳ ಮುಖ ನೋಡಬೇಕಿತ್ತು ನೀವು.

ಮೂವರೂ ನನ್ನನ್ನು ನೋಡಿದರು. ಸೀಟಿಯ ಹುಡುಗಿಯೂ ನೋಡಿದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಛತ್ರವಿದೆ. ಅದರ ಊಟದ ಹಾಲಿನ ಕಿಟಕಿಯಿಂದ ಗುಲ್‌ಮೊಹರ್ ಮರ ಕಾಣುತ್ತದೆ. ನೋಯುವ ನನ್ನ ಮಂಡಿಗೆ ಹೊಂದಿಕೆಯಾಗುವಷ್ಟೇ ದೂರ. ಒಂದು ತಿಂಗಳಿನಿಂದ ಮನಸ್ಸಿನಲ್ಲಿ ನಾನು ಮದುವೆಯನ್ನು ಅಲ್ಲೇ ಮಾಡಿ ಮುಗಿಸಿದ್ದೆ. ಗೌಡರು ಇನ್ನೊಂದು ಸಲ "ನಿಮ್ ಕಡೇನೇ" ಎಂದಾಗ ಸಂಕೋಚದಿಂದಲೇ ಒಪ್ಪಿಕೊಳ್ಳುವುದೆಂದು ತೀರ್ಮಾನವೂ ಆಗಿತ್ತು. ಆದರೆ ಇಷ್ಟು ದಿನ ಹೇಳುತ್ತ ಬಂದ ಮಾತು ಬೇರೆಯಾಗಿತ್ತಲ್ಲ. "ನಾನು ಮೊದಲಿನಿಂದ ಹೇಳ್ತಿರೋದೂ ಅದನ್ನೇ!" ಎಂದೆ. ಸುಳ್ಳಲ್ಲ, ಅಕ್ಷರಶಃ ನಿಜ.

ಗೌಡರ ಕಣ್ಣು ತುಂಬಿತು. ನೆಟ್ಟಗೆ ಕೂತು, ಎದುರಿಗೇ ನೋಡುತ್ತ, ಯಾರಿಗೂ ದಾರಿ ಬಿಡದೆ ತುಳಿದುಕೊಂಡು ಹೋದರು. ನಾನು ಬಲಕ್ಕೆ ತಿರುಗಿ ಅವರ ಹಿಂದಿನಿಂದ ದಾಟಿದೆ. ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರು. ಛತ್ರ ಗೊತ್ತಾಯಿತು, ಮುಹೂರ್ತ ಉಳಿಯಿತು, ನಯನ ರಿಜಿಸ್ಟ್ರಾರ್ ಆಫೀಸಿನ ಮಾತು ಬಿಟ್ಟಳು. ಎಲ್ಲರೂ ಸುಖವಾಗಿದ್ದೇವೆ. ಆ ಮರದ ಚಿಂತೆ ನನಗೂ ಈಗ ಹೆಚ್ಚೇನಿಲ್ಲ.

ನಾನೂ ಪಾಠ ಕಲಿತವನೇ. ಮೊನ್ನೆ ಗೌಡರು ಫೋನು ಮಾಡಿ, ಊಟಕ್ಕೆ ಯಾವ ಹೋಳಿಗೆ ಎಂದು ಕೇಳಿದಾಗ, ಉಸಿರು ಬಿಗಿಹಿಡಿದು ನೆಟ್ಟಗೆ ಹೇಳಿಬಿಟ್ಟೆ, "ಕಾಯಿ ಹೋಳಿಗೆ." ಆ ಕಡೆಯಿಂದ ಗೌಡರು, "ಆಗ್ಲಿ ಆಗ್ಲಿ ಸಾರ್. ನಮ್ಮಟ್ಟೀಲಿ ಬೇಳೆ ಹೋಳಿಗೆ ಅಂತಿದ್ರು, ಅದೇನ್ ದೊಡ್ಡುದ್ ಬುಡಿ" ಎಂದರು. "ಛೆ ಛೆ, ಬೇಳೆದೇ ಆಗಲಿ ಗೌಡ್ರೇ, ನನಗೂ ಅದೇ ಇಷ್ಟ!" ಎಂದು ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು. ಬೇಳೆ ಹೋಳಿಗೆ ತಿಂದರೆ ನನಗೆ ಎದೆಯುರಿ ಬರುತ್ತದೆ. ಇದನ್ನು ಇನ್ನೆಲ್ಲೂ ಹೇಳಿಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಬೀಗರೇನಾದರೂ ಓದಿದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬೇಳೆ ಹೋಳಿಗೆಯೇ ಇರಲಿ.