ಬೋಣಿ ಟಿಕೆಟ್

ಮುಳಬಾಗಿಲಿನ ಆ ಪಂಪ್‌ಸೆಟ್ ಅಂಗಡಿಯಲ್ಲಿ ವೇಣುವಿನ ಕೆಲಸ ಕಾಯಂ ಆಗಬೇಕಾದರೆ ಕೆಲಸ ಮಾಡುವ ಕ್ರಮ ಹೇಳುವ ಒಂದು ಬರಹ ಮುಗಿಯಬೇಕಿತ್ತು. ಓದುವವರು ಮನುಷ್ಯರಾಗಿದ್ದರೆ ಹೇಗೋ ಮುಗಿಸುತ್ತಿದ್ದ. ಇದನ್ನು ಓದುವುದು ಎಐ ಏಜೆಂಟು.

ರೈತರು ವಾಟ್ಸಾಪಿನಲ್ಲಿ ತೊಂದರೆ ಹೇಳಿಕೊಂಡರೆ ಏಜೆಂಟು ಅದನ್ನು ಓದಿ, ದೂರಿನ ಟಿಕೆಟ್ ಮಾಡಿ, ಮೆಕ್ಯಾನಿಕ್‌ನ ಮೊಬೈಲಿಗೆ ಕಳಿಸಬೇಕು. ಟಿಕೆಟ್ಟಿನಲ್ಲಿ ಹೆಸರು, ಊರು, ದೂರು ತುಂಬುವುದು ಹೇಗೆಂದು ವೇಣು ವಿವರವಾಗಿ ಬರೆದಿದ್ದ. ಒಂದು ಮಾದರಿ ಟಿಕೆಟ್ ಮಾತ್ರ ಬಾಕಿಯಿತ್ತು. ಅಷ್ಟರಲ್ಲಿ ಲೆಕ್ಕ ಬರೆಯುವ ರಾಧಮ್ಮ ಹಿಂದಿನಿಂದ ಇಣುಕಿದರು.

"ಯಾರ್ದೋ ಹೆಸರು ಹಾಕ್ಬೇಡ ಕಣೋ. ಹೊಸ ಮಿಷನ್ನು, ಬೋಣಿ ಒಳ್ಳೇ ಕೈಯಿಂದ ಆಗ್ಬೇಕು. ಈ ಅಂಗಡೀಲಿ ಮೊದಲ್ನೇ ಮೋಟಾರು ತಗೊಂಡವರು ಯಜಮಾನರ ಅತ್ತೆ. ಅವರ ಹೆಸರು ಹಾಕು."

"ಅವರ ಮೋಟಾರು ಚೆನ್ನಾಗೇ ಇದೆಯಲ್ಲಕ್ಕಾ?"

"ಮಾದರಿಗೆ ತಾನೇ? ಮಿಷನ್ನೇನು ಹೋಗಿ ನೋಡತ್ತಾ?"

ವೇಣು ಹಾಕಿದ: ದೊಡ್ಡವೆಂಕಟಮ್ಮ, ದೇವರಾಯಸಮುದ್ರ, ನೀರು ಎತ್ತುತ್ತಿಲ್ಲ, ಭಾರೀ ಅರ್ಜೆಂಟು.

ನಮ್ಮ ಕಡೆ ಜನ ದೂರು ಕೊಡುವ ರೀತಿಯೇ ಬೇರೆ. "ನೀರು ನಿಂತೋಯ್ತು, ಬೇಗ ಬರ್ರಪ್ಪಾ" ಎಂದಷ್ಟೇ ಕಳಿಸುತ್ತಾರೆ. ಹೆಸರೇಕೆ, ಊರೇಕೆ? ಅಂಗಡಿಯವರಿಗೆ ನಾವು ಗೊತ್ತಿಲ್ಲವೇ? ಹಿಂದೆ ಗೊತ್ತಿತ್ತು ಕೂಡ. ಏಜೆಂಟು ಹೊಸಬ. ಖಾಲಿ ಕಂಡಲ್ಲೆಲ್ಲ ಮಾದರಿಯಲ್ಲಿದ್ದುದನ್ನೇ ಶ್ರದ್ಧೆಯಿಂದ ತುಂಬಿತು.

ಮೊದಲ ಫೋನು ಮೆಕ್ಯಾನಿಕ್ ಪೆದ್ದಪ್ಪನದು. "ಏನ್ಲಾ ವೇಣು, ದೇವರಾಯಸಮುದ್ರದಾಗೆ ಇದೀನಿ. ನೀರು ಕೆರೆ ಕೋಡಿ ಹಂಗೆ ಬತ್ತೈತೆ, ಏನ್ ರಿಪೇರಿ ಮಾಡ್ಲಿ?"

ದೊಡ್ಡವೆಂಕಟಮ್ಮ ಎಂದರೆ ಯಜಮಾನ ಮುನಿರಾಮಪ್ಪನವರೇ ಎದ್ದು ನಿಂತು ಫೋನು ಎತ್ತುತ್ತಿದ್ದರು.

"ಪೆದ್ದಣ್ಣಾ, ಆಯಮ್ಮನಿಗೆ ಏನೂ ಹೇಳ್ಬೇಡ. ವಾಪಸ್ ಬಾ!"

"ಹೆಂಗ್ ಬರ್ಲಿ? ಉಳಿದ ಮೆಕ್ಯಾನಿಕ್ಕುಗಳೂ ಇದೇ ಟಿಕೆಟ್ ಹಿಡ್ಕೊಂಡು ಬಂದವ್ರೆ. ಅರ್ಜೆಂಟು ಅಂತ ಹಾಕಿದ್ಯಲ್ಲ, ಮೋಟಾರು ಮೇಲಕ್ಕೆತ್ತಿಬಿಟ್ವಿ."

ಇತ್ತ ನಿಜವಾಗಿ ದೂರು ಕೊಟ್ಟು ಕಾಯುತ್ತಿದ್ದವರಿಂದ, ಹೋಳೂರಿನಿಂದ, ನಂಗಲಿಯಿಂದ ಬೈಗುಳದ ಫೋನುಗಳು. ರಾಧಮ್ಮ ಎಲ್ಲರಿಗೂ "ಮೆಕ್ಯಾನಿಕ್ ನಿಮ್ಮೂರ ಗೇಟ್ ಹತ್ರ ಬಂದಿದ್ದಾರೆ" ಎನ್ನುತ್ತಿದ್ದರು. ಬಿಸಿ ಹಂಚಿನ ಮೇಲೆ ಬಿದ್ದ ನೀರಿನ ಹನಿಯಂತೆ ಒದ್ದಾಡುತ್ತಾ ವೇಣು ಬರಹ ತಿದ್ದಿದ. ಮಾದರಿ ಕಿತ್ತುಹಾಕಿದ. ಹೆಸರು, ಊರು ತಿಳಿಯದಿದ್ದರೆ ಕೇಳಿಯೇ ಟಿಕೆಟ್ ಮಾಡು ಎಂದು ಸೇರಿಸಿದ.

"ಮೆಕ್ಯಾನಿಕ್ಕುಗಳೆಲ್ಲ ಅಲ್ಲೇ ಸಿಕ್ಕಾಕ್ಕೊಂಡಿದ್ದಾರಲ್ಲ," ಎಂದರು ರಾಧಮ್ಮ. "ಅಂಗಡೀಲಿ ಯಾರು ಖಾಲಿ ಕೂತಿರ್ತಾರೋ ಅವರಿಗೆ ಕಳಿಸು ಅಂತ್ಲೂ ಬರಿ."

ಬರೆದ. ಬೆವರು ಒರೆಸುವಷ್ಟರಲ್ಲಿ ಮುನಿರಾಮಪ್ಪನವರ ಕಾರು ನಿಂತಿತು.

"ನಮ್ಮತ್ತೆ ಮನೆಗೆ ಅಷ್ಟೂ ಜನರನ್ನ ಕಳಿಸಿದ್ದು ಯಾರು?"

"ನಾನಲ್ಲ ಸಾರ್! ದೇವರಾಣೆ ನಾನಲ್ಲ. ಏಜೆಂಟು. ಅದೇ ಸ್ವಂತ ಬುದ್ಧಿಯಿಂದ..."

"ಹೌದು ಸಾರ್, ಇದರಲ್ಲಿ ಇವನ ಕೈ ಏನೂ ಇಲ್ಲ," ರಾಧಮ್ಮ ಸಾಕ್ಷಿ ಹೇಳಿದರು.

ಮುನಿರಾಮಪ್ಪ ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣಲ್ಲಿ ನೀರಿತ್ತು.

"ಮದುವೆ ಆದಾಗಿಂದ ಆಯಮ್ಮ ನನ್ನನ್ನ ಬಾಯ್ತುಂಬ ಕರೆದಿರ್ಲಿಲ್ಲ. ಇವತ್ತು ಫೋನ್ ಮಾಡಿ ತೆಲುಗಲ್ಲಿ 'ಅಲ್ಲುಡೂ' ಅಂದ್ರು, ಅಳಿಯಾ ಅಂತ! ಕೇಳ್ದೇನೇ ಕಳಿಸಿದ್ಯಲ್ಲಪ್ಪಾ, ಮೋಟಾರು ಸರ್ವೀಸ್ ಆಯ್ತು, ತೊಟ್ಟಿ ತೊಳ್ದಾಯ್ತು, ಈಗ ಫ್ಯಾನ್ ನೋಡ್ತಾ ಇದ್ದಾರೆ ಅಂದ್ರು."

ವೇಣು ಕುರ್ಚಿಯ ಹತ್ತಿರ ಬಂದ. "ಸಾರ್, ನಿಜ ಹೇಳ್ಬೇಕಂದ್ರೆ ಆ ಮಾದರಿ ಬರೆದಿದ್ದು..."

"ಸುಮ್ನಿರಪ್ಪಾ. ಈಗಷ್ಟೇ ದೇವರಾಣೆ ಇಟ್ಟಿದ್ದೀಯ, ಅದನ್ನ ಕೆಡಿಸ್ಕೋಬೇಡ." ಅವರು ಕಂಪ್ಯೂಟರಿನ ತಲೆ ಸವರಿದರು. "ಕಾಯಂ ಮಾಡಿದ್ರೆ ಇಂಥದ್ದನ್ನ ಮಾಡ್ಬೇಕು. ನೀನು ಇನ್ನೊಂದು ವರ್ಷ ಇದರ ಕೈಕೆಳಗೆ ಕೆಲಸ ಕಲಿ."

ವೇಣು ರಾಧಮ್ಮನವರ ಕಡೆ ನೋಡಿದ. ಅವರು ಲೆಕ್ಕದಲ್ಲಿ ಮುಳುಗಿದ್ದರು.

ಆಗ ಅವನದೇ ಮೊಬೈಲು ಟಿಣ್ ಎಂದಿತು. ಏಜೆಂಟಿನ ಟಿಕೆಟ್. ಹೆಸರು ಆವಲಪ್ಪ, ಊರು ಹೋಳೂರು, ಮೋಟಾರು ಸುಟ್ಟಿದೆ, ಭಾರೀ ಅರ್ಜೆಂಟು. ಈ ಸಲ ಒಂದಕ್ಷರವೂ ತಪ್ಪಿರಲಿಲ್ಲ. ಕಡೆಯ ಸಾಲಿನಲ್ಲಿ ಹೀಗಿತ್ತು: ಹೋಗಬೇಕಾದ ಮೆಕ್ಯಾನಿಕ್, ವೇಣು.

"ನೋಡಿದ್ಯಾ," ಎಂದರು ಮುನಿರಾಮಪ್ಪ, ಸ್ಪ್ಯಾನರ್ ಚೀಲ ಅವನ ಕೈಗಿಡುತ್ತಾ, "ಯಾರು ಖಾಲಿ ಕೂತಿದ್ದಾರೆ ಅನ್ನೋದೂ ಇದಕ್ಕೆ ಗೊತ್ತು!"